ಸೊಸೆಯ ಈರಲು

ನನ್ನ ಮಗಳಿಗೆ ಏನು ಕಾಯಿಲೆ ಎಂದು ಕೇಳಲು ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಕೇಳಲು ಬಂದವರಲ್ಲ, ಹೇಳಲು ಬಂದವರು. ಚಾಪೆ ಹಾಸಿ ಕೂರಿಸಿ, ಕಾಪಿ ಕೊಟ್ಟು, ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕಳಿಸಿದ್ದೇನೆ. ಒಬ್ಬರು ದೃಷ್ಟಿ ಎಂದರು, ಒಬ್ಬರು ಗಾಳಿ ಎಂದರು, ಒಬ್ಬರು ಹಲ್ಲಿ ಬಿದ್ದ ಹಾಲು ಎಂದರು. ಗೊಬ್ಬರ ಮಾರಲು ಬಂದಿದ್ದ ಒಬ್ಬ ಮಹಾನುಭಾವರು ಮಗುವಿನ ಕಣ್ಣನ್ನು ಬೆರಳಿನಿಂದ ಅಗಲಿಸಿ ನೋಡಿ, ರಕ್ತದಲ್ಲಿ ಸುಣ್ಣ ಕಮ್ಮಿ ಎಂದು ತೀರ್ಪು ಕೊಟ್ಟು, ಎರಡನೇ ಲೋಟ ಕಾಪಿ ಕೇಳಿದರು. ಕೊಟ್ಟೆ. ಆಗ ನನಗೆ ಅಷ್ಟು ತಾಳ್ಮೆ ಇತ್ತು.

ಇದನ್ನು ಬರೆಯುತ್ತಿರುವುದು ಅಂಥವರಿಗಲ್ಲ. ಮದುವೆಮನೆಗೆ ಹೋಗುವಾಗ ಮಗುವಿನ ಊಟವನ್ನು ಬೇರೆ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗುವ ತಾಯಿ ಎಲ್ಲೋ ಒಬ್ಬಳು ಇರುತ್ತಾಳೆ. ‘ಒಂದು ತೊಟ್ಟು ಕೊಟ್ಟರೆ ಏನಾಗಿಬಿಡುತ್ತೆ’ ಎಂಬ ಮಾತನ್ನು ನಗುಮುಖದಲ್ಲಿ ಕೇಳಿಸಿಕೊಂಡು, ಸೆರಗಿನೊಳಗೆ ಮುಷ್ಟಿ ಕಟ್ಟಿರುತ್ತಾಳೆ. ಅವಳಿಗೆ ಬರೆಯುತ್ತಿದ್ದೇನೆ. ನೀನೊಬ್ಬಳೇ ಅಲ್ಲ ತಾಯಿ. ಕಟ್ಟಿದ ಮುಷ್ಟಿಯನ್ನು ನಾನೂ ಎಷ್ಟೋ ವರ್ಷ ಬಿಚ್ಚಲಿಲ್ಲ.

ನಾನು ವೇದಸಂದೂರಿನವಳು, ಹೆಸರು ವಸಂತಾ. ಅಪ್ಪ ನೂಲಿನ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ದಿಂಡಿಗಲ್ಲಿನಲ್ಲಿ ಪ್ಲಸ್ ಟೂ ತನಕ ಓದಿ, ಕಂಬಂ ಕಣಿವೆಯಲ್ಲಿ ಓಡೈಪಟ್ಟಿಯ ಪಕ್ಕದ ಹಳ್ಳಿಗೆ ಮದುವೆಯಾಗಿ ಬಂದೆ. ಎರಡೂ ಕಡೆಯವರು ಮನೆಯಲ್ಲಿ ಕನ್ನಡ ಆಡುವವರೇ. ಯಾವ ಕಾಲದಲ್ಲಿ ಯಾವ ರಾಜನ ಕಾಟಕ್ಕೆ ದನ ಹೊಡೆದುಕೊಂಡು ಈ ಕಡೆ ಇಳಿದರೋ, ಆ ಕನ್ನಡದಲ್ಲಿ ಈಗ ಅರ್ಧ ತಮಿಳು. ಅಕ್ಷರವಂತೂ ಯಾರಿಗೂ ಬಾರದು. ನನಗೆ ಹೇಗೆ ಬಂತೆಂದು ಮುಂದೆ ಹೇಳುತ್ತೇನೆ.

ಗಂಡ ಸೀನಿವಾಸನ್ ದ್ರಾಕ್ಷಿ ತೋಟದವರು, ಒಳ್ಳೆಯವರು. ಒಳ್ಳೆಯವರ ತೊಂದರೆ ಎಂದರೆ ಅವರು ಎಲ್ಲರಿಗೂ ಒಳ್ಳೆಯವರಾಗಿರುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅತ್ತೆ ರಂಗಮ್ಮ ವಿಧವೆ. ಸದಾ ನೆಲ ನೋಡಿಕೊಂಡೇ ಮಾತಾಡುವವರು. ಅವರ ಬಗ್ಗೆ ನನಗಿದ್ದ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ದನದ ಜೊತೆ ಇದ್ದೂ ಇದ್ದೂ ಅಷ್ಟೇ ಬುದ್ಧಿ ಉಳಿದಿರುವ ಹೆಂಗಸು ಎಂದುಕೊಂಡಿದ್ದೆ.

ದನ ಎಂದೆನಲ್ಲ, ಅದನ್ನು ಹೇಳದೆ ಈ ಕಥೆ ಮುಂದೆ ಹೋಗದು. ನನ್ನ ಗಂಡನ ಕುಲಕ್ಕೆ ದೇವರ ಹೆಸರಿನ ಒಂದು ದನದ ಹಿಂಡು ಇದೆ. ಊರಾಚೆ ಅದಕ್ಕೊಂದು ದೊಡ್ಡಿ. ಆ ದನಗಳನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಅವುಗಳ ಹಾಲನ್ನು ಕಾಯಿಸುವುದೂ ಇಲ್ಲ. ಹೆಪ್ಪು ಹಾಕಿ, ಅಮಾವಾಸ್ಯೆಗೊಮ್ಮೆ ಕಡೆದು, ಆ ಮಜ್ಜಿಗೆಯನ್ನು ಕುಲದಲ್ಲಿ ಹುಟ್ಟಿದವರಿಗೆಲ್ಲ ಅಂಗೈಗೆ ಹಾಕುತ್ತಾರೆ. ಹುಟ್ಟಿದವರಿಗೆ ಮಾತ್ರ. ಬೇರೆ ಕುಲದಿಂದ ಬಂದ ಸೊಸೆಯರು ಅದನ್ನು ನಾಲಿಗೆಗೆ ಸೋಕಿಸುವಂತಿಲ್ಲ, ಸೋಕಿಸಿದರೆ ಹಿಂಡಿನ ಕೆಚ್ಚಲು ಬತ್ತುತ್ತದಂತೆ. ಆದರೆ ಕಡೆಯುವವರು ಯಾರು? ಸೊಸೆಯರೇ. ನನ್ನ ಅತ್ತೆ ಮದುವೆಯಾಗಿ ಬಂದ ವರ್ಷದಿಂದ ಆ ಕಡೆಗೋಲು ಹಿಡಿದವರು, ಒಂದು ಹನಿಯ ರುಚಿ ಕಂಡವರಲ್ಲ. ಅದರಲ್ಲೇ ಅವರಿಗೆ ಹೆಮ್ಮೆ. ಮೂರ್ಖತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ನಾನು ನಮ್ಮವ್ವನ ಹತ್ತಿರ ನಕ್ಕಿದ್ದೆ.

ಮಗಳು ರುಕ್ಮಿಣಿ. ರುಕ್ಕು ಎನ್ನುತ್ತೇವೆ. ಹುಟ್ಟುವಾಗಲೇ ಕೆಟ್ಟ ಈರಲು ಹೊತ್ತು ಬಂದಳು. ಈರಲು ಎಂದರೆ ನಿಮ್ಮ ಯಕೃತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ರೈಲಿನಲ್ಲಿ ಎರಡು ದಿನದ ದಾರಿ, ಬಡಗಣ ಒಂದು ದೊಡ್ಡ ಊರು. ಅಲ್ಲಿ ನನ್ನ ಈರಲಿನ ಒಂದು ತುಂಡು ಕೊಯ್ದು ಅವಳಿಗೆ ಇಟ್ಟರು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎರಡು ವರ್ಷ ಅರಿಸಿನದ ಹಾಗಿದ್ದ ಅವಳ ಕಣ್ಣು ಬೆಳ್ಳಗಾದ ದಿನ ನಾನು ಹೊಲಿಗೆ ನೋಯುವಷ್ಟು ಅತ್ತೆ ಎಂದು ಹೇಳಿದರೆ ಸಾಕು.

ಊರಿಗೆ ಬಂದೆವು. ನೋಡಲು ಜನ ಸಾಲುಗಟ್ಟಿದರು. ಆಡಿನ ಈರಲನ್ನು ಮೆಣಸು ಹಾಕಿ ಹುರಿದು ತಿಂದವರಿಗೆಲ್ಲ ಈರಲಿನ ವಿಚಾರ ಗೊತ್ತು! ಒಬ್ಬಳು ನನ್ನ ಸೆರಗು ಸರಿಸಿ ಗಾಯ ನೋಡಿ, “ಕಾಲ್ ಕಿಲೋ ಬಂದಿರ್ತದಾ?” ಎಂದಳು. ಇನ್ನೊಬ್ಬಳಿಗೆ, ಗಂಡಸಿನದು ಹಾಕಿದ್ದರೆ ಇನ್ನೂ ಗಟ್ಟಿ ಇರುತ್ತಿತ್ತು ಎಂಬ ಅನುಮಾನ. ನನ್ನ ಗಂಡ ಎಲ್ಲರಿಗೂ ಪನ್ನೀರು ದ್ರಾಕ್ಷಿ ಹಂಚಿದರು.

ನಾಲ್ಕು ತಿಂಗಳು ಚೆನ್ನಾಗಿತ್ತು. ಒಂದು ಬೆಳಿಗ್ಗೆ ಹಾಲು ಕುಡಿದ ರುಕ್ಕು ಲೋಟ ಕೆಳಗಿಡುವುದರೊಳಗೆ ತುಟಿ ಬದನೆಕಾಯಿಯ ಹಾಗೆ ಊದಿತು. ಮೈಮೇಲೆ ಕೆಂಪು ದದ್ದು. ಕುಡಿದದ್ದೆಲ್ಲ ವಾಂತಿ. ತೇನಿಗೆ ಓಡಿದೆವು. ಆಗಷ್ಟೇ ತೇನಿ ಜಿಲ್ಲೆಯಾಗಿತ್ತು. ಜಿಲ್ಲೆ ಹೊಸದು, ನಾವು ಕಂಡ ವೈದ್ಯರು ಮಾತ್ರ ತುಂಬ ಹಳೆಯವರು. ಕಂಬಳಿಹುಳ ಹರಿದಿದೆ ಎಂದರು. ಒಂದು ಸೂಜಿ ಹಾಕಿದರು, ಇಳಿಯಿತು. ವಾರ ಬಿಟ್ಟು ಮೊಸರನ್ನ. ಮತ್ತೆ ಅದೇ. ಈ ಸಲವೂ ಕಂಬಳಿಹುಳವಂತೆ. ಆ ಹುಳ ಮೊಸರಿನ ವಾಸನೆಗೇ ಬರುತ್ತದೆಯೇ ಎಂದು ಕೇಳಿದೆ. ಗಂಡ ನನ್ನ ಮೊಣಕೈ ಹಿಂಡಿದರು.

ದಿಂಡಿಗಲ್ಲಿನಲ್ಲಿ ಒಬ್ಬ ಮಕ್ಕಳ ತಜ್ಞರಿದ್ದರು, ಹೆಸರುವಾಸಿ. ಬೆಳಿಗ್ಗೆ ಏಳಕ್ಕೆ ಟೋಕನ್ ತೆಗೆದುಕೊಂಡು ಒಂದು ಗಂಟೆಯ ತನಕ ಕೂತೆವು. ಗೋಡೆಯ ಮೇಲೆ ಟಿ.ವಿ., ಎದುರಿಗೆ ಕೆಮ್ಮುವ ಮಕ್ಕಳು. ನನ್ನ ಮಗಳು ಕೆಮ್ಮುವವರ ಹತ್ತಿರ ಕೂರಬಾರದು, ಹೊಸ ಈರಲನ್ನು ಮೈ ತಳ್ಳಿಹಾಕದಿರಲೆಂದು ಕೊಡುವ ಮಾತ್ರೆಯಿಂದ ಅವಳಿಗೆ ಎಲ್ಲ ಸೋಂಕೂ ಬೇಗ ತಗಲುತ್ತದೆ. ಹಾಗಾಗಿ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತೆವು. ಒಳಗಿದ್ದ ಹೆಂಗಸರು ನಮ್ಮ ಜಂಬ ನೋಡಿ ಮೂಗು ಮುರಿದರು. ಕೊನೆಗೆ ಒಳಗೆ ಹೋದರೆ ಆತ ಮಗುವಿನ ಹೊಟ್ಟೆಯ ಗಾಯವನ್ನು ಮ್ಯೂಸಿಯಂ ನೋಡುವ ಹಾಗೆ ನೋಡಿ, “ಒಣ್ಣುಂ ಇಲ್ಲೆಮ್ಮಾ” ಎಂದರು. ಏನೂ ಇಲ್ಲವಂತೆ. ನಿಮ್ಮೂರಲ್ಲಿ ದ್ರಾಕ್ಷಿಗೆ ಮೈಲುತುತ್ತ ಹೊಡೆಯುತ್ತಾರಲ್ಲ, ಅದೇ ಇರಬೇಕು ಎಂದರು. ಹಾಲು ಚೆನ್ನಾಗಿ ಕೊಡಿ, ಮಗು ಬಡಕಲಾಗಿದೆ, ಆ ಈರಲಿನ ಮಾತ್ರೆ ತುಂಬ ಉಷ್ಣ, ಅರ್ಧ ಮಾಡಿ ಎಂದರು.

ಹಾಲು ಹೆಚ್ಚು ಮಾಡಿ, ಮಾತ್ರೆ ಅರ್ಧ ಮಾಡಿ. ಆ ಮನುಷ್ಯನ ಎರಡೇ ಮಾತು, ಎರಡೂ ನನ್ನ ಮಗಳನ್ನು ಕೊಲ್ಲುವಂಥವು. ಮೊದಲನೆಯದು ಒಂದೇ ಗಂಟೆಯಲ್ಲಿ ಕೊಲ್ಲಬಹುದಿತ್ತು, ಎರಡನೆಯದು ಒಂದೆರಡು ತಿಂಗಳಲ್ಲಿ. ಚೀಟಿಯನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಎದ್ದು ಬಂದೆ. ಗಂಡ ಹಿಂದೆ ಹೋಗಿ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಆತನಿಗೆ ಕೈಮುಗಿದು ಬಂದರು.

ಮುಂದಿನ ತಪಾಸಣೆಗೆ ಮತ್ತೆ ಬಡಗಣ ಊರಿಗೆ ಹೋದೆವು. ಅಲ್ಲಿನ ಕಾಯುವ ಬೆಂಚಿನಲ್ಲಿ ನನಗೆ ಸಿಕ್ಕವರು ದಾವಣಗೆರೆಯ ಒಬ್ಬ ಅಕ್ಕ. ಅವರ ಮಗನಿಗೂ ಈರಲು ಬದಲಾಯಿಸಿತ್ತು. ಮೊದಲ ಸಲ ಬಂದಾಗಲೇ ಪರಿಚಯ. ನನ್ನ ಕನ್ನಡ ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದರು, ನಕ್ಕದ್ದಕ್ಕೆ ದಂಡವಾಗಿ ಅಕ್ಷರ ಕಲಿಸಲು ಶುರು ಮಾಡಿದ್ದರು. ಔಷಧಿ ಡಬ್ಬಿಯ ರಟ್ಟಿನ ಮೇಲೆ ಅ, ಆ ಬರೆದು ಕೊಟ್ಟಿದ್ದರು. ನಾನು ಇವತ್ತು ಬರೆಯುವ ಕನ್ನಡ ಆ ಬೆಂಚಿನದು. ಈ ಸಲ ಕೂತ ತಕ್ಷಣ ರುಕ್ಕುವಿನ ಮೈಮೇಲಿನ ಕಲೆ ನೋಡಿ ಕೇಳಿದರು:

“ನಿಮ್ ಹುಡುಗಿಗೂ ತುಟಿ ಊದ್ತಾವಾ? ನಮ್ಮವನಿಗೆ ತತ್ತಿ ಆಗಂಗಿಲ್ಲ ನೋಡ್ರಿ. ಮೊದಲು ದಿನಾ ಎರಡು ತಿಂತಿದ್ದ.”

ನಾನು ಅವರ ಕೈ ಹಿಡಿದುಕೊಂಡೆ. ಎಂಟು ವಾರ ನಾನು ಹುಚ್ಚಿ ಎಂದು ಊರೆಲ್ಲ ಹೇಳಿತ್ತು. ನನಗೂ ಅರ್ಧ ಹಾಗೇ ಅನಿಸುತ್ತಿತ್ತು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲ ಕೇಳಿಸಿಕೊಂಡು, “ಯಾಕೆ ಹೀಗಾಗುತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಆದರೆ ಈರಲು ಬದಲಾಯಿಸಿದ ಕೆಲವು ಮಕ್ಕಳಲ್ಲಿ ಕಂಡಿದ್ದೇವೆ. ಮೊದಲು ಒಗ್ಗುತ್ತಿದ್ದ ಆಹಾರ ಆಮೇಲೆ ಒಗ್ಗುವುದಿಲ್ಲ” ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಒಬ್ಬರೇ ಡಾಕ್ಟರು ಅವರು. ನಾನು ಈ ಕಥೆಯಲ್ಲಿ ಕೈಮುಗಿಯುವುದು ಅವರೊಬ್ಬರಿಗೆ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಒಂದು ಹನಿಯೂ ಬೇಡ ಎಂದು ಕಾಗದದಲ್ಲಿ ಬರೆದುಕೊಟ್ಟರು. ಹೆಚ್ಚುಕಮ್ಮಿಯಾದರೆ ತೊಡೆಗೆ ಹಾಕಲು ಮೂರು ನಾಲ್ಕು ಸೂಜಿಮದ್ದು ಕೊಟ್ಟು, ಹಾಕುವುದನ್ನು ನನ್ನ ಗಂಡನಿಗೆ ಕಿತ್ತಳೆ ಹಣ್ಣಿನ ಮೇಲೆ ಕಲಿಸಿದರು.

ಆ ಕಾಗದವನ್ನು ತಮಿಳಿಗೆ ಇಳಿಸಿ, ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆ. ಇನ್ನೊಂದನ್ನು ಜಗಲಿಗೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ದನ ಸಾಕುವವರ ಊರಲ್ಲಿ ‘ಹಾಲು ಬೇಡ’ ಎಂದರೆ ಅದು ಹಾಲಿಗೆ ಮಾತ್ರ. ಮೊಸರು ಬೇರೆ. ಮಜ್ಜಿಗೆ, ಅಂದರೆ ನಮ್ಮ ಮೋರು, ಬಾಯಾರಿಕೆಗೆ. ಬೆಣ್ಣೆ ಮಕ್ಕಳಿಗೆ. ತುಪ್ಪ ಔಷಧಿ! ನಮ್ಮ ಜನಕ್ಕೆ ಇವೆಲ್ಲ ಒಂದೇ ಎಂದರೆ, ತಾಯಿಯೂ ಅತ್ತೆಯೂ ಒಂದೇ ಎಂದ ಹಾಗೆ. ಪಕ್ಕದ ಮನೆಯ ನಾಗಕ್ಕ ರುಕ್ಕುವಿನ ಬಾಯಿಗೆ ತುಪ್ಪ ಸವರಿ, ಮುಖ ಊದಿದ ಮೇಲೆ, “ಹಾಲ್ ತಾನೇ ಬ್ಯಾಡ ಅಂದಿದ್ದು? ನಾನೇನ್ ಹಾಲ್ ಕೊಟ್ನಾ?” ಎಂದು ನನ್ನನ್ನೇ ಜಗಳಕ್ಕೆ ಕರೆದಳು. “ಆಪರೇಷನ್ನಿಗೆ ಮುಂಚೆ ಕುಡೀತಿದ್ಲಲ್ಲ, ಈಗ್ಯಾಕೆ ಆಗಲ್ಲೆ?” ಎಂಬುದಕ್ಕೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಗಂಡನೇ ಒಂದು ದಿನ ಸಂತೆಯಿಂದ ಹಾಲುಕೋವದ ಪೊಟ್ಟಣ ತಂದು, ಕೊಟ್ಟವರ ಮನಸ್ಸು ನೋಯಬಾರದು ಅಂತ ತೆಗೆದುಕೊಂಡೆ ಎಂದರು. ಅದನ್ನು ಅವರ ಎದುರಿಗೇ ಚರಂಡಿಗೆ ಸುರಿದೆ.

ಎಲ್ಲಕ್ಕಿಂತ ಮೇಲಿನದು ಅಮಾವಾಸ್ಯೆಯಂದು ನಡೆಯಿತು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅತ್ತೆ ದೊಡ್ಡಿಯಿಂದ ಬಂದವರು ಸೆರಗಿನೊಳಗೆ ಚಿಕ್ಕ ಚೊಂಬು ಇಟ್ಟುಕೊಂಡು ಬಂದಿದ್ದರು. ಒಳಗಿಂದ ಮಗುವಿನ ಒಂದು ಶಬ್ದ ಕೇಳಿತು, ಅಳುವಲ್ಲ. ಓಡಿ ಬಂದು ನೋಡಿದರೆ ರುಕ್ಕು ಉಸಿರಿಗೆ ಬಾಯಿ ತೆರೆದಿದ್ದಾಳೆ, ತುಟಿ ನೀಲಿ. ಗಂಡ ತೋಟದಿಂದ ಆಗಷ್ಟೇ ಊಟಕ್ಕೆ ಬಂದಿದ್ದರು. ಅದು ದೇವರ ದಯೆ ಎಂದು ಅತ್ತೆ ಹೇಳುತ್ತಾರೆ, ಹಸಿವಿನ ದಯೆ ಎಂದು ನಾನು ಹೇಳುತ್ತೇನೆ. ಕಿತ್ತಳೆ ಹಣ್ಣಿಗೆ ಚುಚ್ಚಿದ ಕೈ ಮಗಳ ತೊಡೆಗೆ ಚುಚ್ಚಿತು. ಜೀಪಿನಲ್ಲಿ ತೇನಿಗೆ ಹೋಗುವಾಗ ನಾನು ಅವಳ ಎದೆಯ ಮೇಲೆ ಕಿವಿ ಇಟ್ಟುಕೊಂಡೇ ಹೋದೆ. ಮೂರು ದಿನ ಅಲ್ಲಿದ್ದೆವು. ಸತ್ತೇ ಹೋಗುತ್ತಾಳೆ ಎಂದು ನನಗೆ ನಿಜವಾಗಿ ಹೆದರಿಕೆಯಾದದ್ದು ಆಪರೇಷನ್ ದಿನವಲ್ಲ, ಆ ಜೀಪಿನಲ್ಲಿ.

ಮನೆಗೆ ಬಂದ ದಿನ ಅಂಗಳದಲ್ಲಿ ನಿಂತು ಕೇಳಿದೆ. “ಏನ್ ಕೊಟ್ರಿ ಅತ್ತೆ?”

ಅತ್ತೆ ನೆಲ ನೋಡಿದರು. “ಹಾಲಲ್ಲ ತಾಯಿ. ಸಾಮಿ ಮೋರು. ಒಂದ್ ಉದ್ಧರಣೆ. ಸಾಮಿ ಮೋರಿಗೆ ಯಾರ್ ಒಡಂಬಾದ್ರೂ, ಮೈಯಾದ್ರೂ ಕೆಡ್ತದಾ ಅಂತ...”

ನಾನು ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ನಾಲ್ಕು ಮನೆಯವರು ಬಾಗಿಲಿಗೆ ಬಂದು ಕೇಳಿಸಿಕೊಂಡರು. ನನ್ನ ಈರಲು ಕೊಟ್ಟು ಉಳಿಸಿದವಳನ್ನು ನೀವು ಒಂದು ಉದ್ಧರಣೆಯಲ್ಲಿ ಕೊಲ್ಲುತ್ತಿದ್ದಿರಿ ಎಂದೆ. ನಿಮಗಿಂತ ಆ ಹಸುಗಳಿಗೆ ಹೆಚ್ಚು ಬುದ್ಧಿ ಇದೆ ಎಂದೆ. ಅವತ್ತಿನಿಂದ ಮಗುವಿಗೆ ಬೇರೆ ಒಲೆ, ಬೇರೆ ಪಾತ್ರೆ. ಅತ್ತೆ ಆ ಪಾತ್ರೆಗಳ ಹತ್ತಿರ ಸುಳಿದರೆ ನಾನು ಹೋಗಿ ನಡುವೆ ನಿಲ್ಲುತ್ತಿದ್ದೆ.

ಆದರೂ ನಿಲ್ಲಲಿಲ್ಲ. ಸಾವಿನ ಬಾಯಿಂದ ಬಂದ ಮಗುವಿಗೆ ಶಕ್ತಿ ಬರಲೆಂದು ಜನ ಇನ್ನೂ ಹೆಚ್ಚು ಬೆಣ್ಣೆ ಹಿಡಿದುಕೊಂಡು ಬರತೊಡಗಿದರು. ಒಂದು ಊರಿನ ಪ್ರೀತಿಯೆಲ್ಲ ಸೇರಿ ನನ್ನ ಮಗಳನ್ನು ಕೊಲ್ಲಲು ಹೊರಟಿತ್ತು. ಸೂಜಿಮದ್ದು ಇನ್ನು ಒಂದೇ ಉಳಿದಿತ್ತು. ವೇದಸಂದೂರಿಗೆ ಹೊರಟುಬಿಡೋಣ ಎಂದು ಪೆಟ್ಟಿಗೆ ಕಟ್ಟಿಟ್ಟೆ. ಮಿಲ್ಲಿನ ಸಾಲುಮನೆಯಲ್ಲಿ ಹಸುಗಳಾದರೂ ಇಲ್ಲ.

ಹೊರಡುವ ಮುಂಚಿನ ಭಾನುವಾರ ದೊಡ್ಡಿಯಿಂದ ಕರೆ ಬಂತು. ದೊಡ್ಡಿಯ ಪೂಜೆ ನೋಡುವ ಮುದುಕರನ್ನು ಊರೆಲ್ಲ ದೊಡ್ಡಿ ತಾತ ಎನ್ನುತ್ತದೆ. ಅವರ ಮಾತು ಮೀರುವವರಿಲ್ಲ. ಕುಲದವರೆಲ್ಲ ಹುಣಸೆಮರದ ಕೆಳಗೆ ಕೂತಿದ್ದರು. ಸೊಸೆಯರು ಬೇಲಿಯ ಆಚೆ ನಿಂತಿದ್ದೆವು. ತಾತ ಎಲೆ ಅಡಿಕೆ ಉಗಿದು ಶುರು ಮಾಡಿದರು.

“ಸೀನಿ ಕೂಸಿಗೆ ಸಾಮಿ ಮೋರು ಒಗ್ಗಲಿಲ್ಲೆ. ಯಾಕೆ ಒಗ್ಗಲಿಲ್ಲೆ? ಕೂಸು ನಮ್ ಕುಲದ್ದು. ಒಳಗಿರೋ ಈರಲು ಯಾರ್ದು?”

ತಾತ ಬೇಲಿಯ ಆಚೆ ನನ್ನನ್ನು ತೋರಿಸಿದರು.

“ಸೊಸೆದು. ಸೊಸೆ ಈರಲಿಗೆ ಸಾಮಿ ಹಾಲು ಸಲ್ಲಲ್ಲೆ. ಅದ್ಕೇ ಸಾಮಿ ತಡೆದ. ಇನ್ ಮೇಲೆ ಆ ಕೂಸಿಗೆ ಹಾಲಾಗಲಿ, ಮೊಸರಾಗಲಿ, ಮೋರಾಗಲಿ, ಬೆಣ್ಣೆ ತುಪ್ಪ ಆಗಲಿ, ಯಾರೂ ಕೊಡಂಗಿಲ್ಲೆ.”

“ಮನೆ ಹಸಿನ್ ಹಾಲು?” ಎಂದು ಯಾರೋ ಕೇಳಿದರು.

“ಊರಲ್ಲಿರೋ ಹಸುಗಳೆಲ್ಲ ಸಾಮಿ ಹೋರಿಗೆ ಹುಟ್ಟಿದವು ತಾನೇ? ಎಲ್ಲಾ ಸಾಮಿ ಹಾಲೇ. ಕೊಟ್ಟೋರ್ ಮನೆ ಕೆಚ್ಚಲು ಬತ್ತಿದ್ರೆ ನನ್ನ ಕೇಳ್ಬ್ಯಾಡಿ.”

ಬೇಲಿಯ ಕೋಲು ಹಿಡಿದು ನಿಂತವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಹೊಟ್ಟೆ ಕೊಯ್ದು ಕೊಟ್ಟ ತುಂಡು ಇವರಿಗೆ ಮೈಲಿಗೆ. ಮಗಳೊಳಗೆ ಕೂತು ಅವಳನ್ನು ಬದುಕಿಸುತ್ತಿರುವ ಈರಲಿಗೆ ಕುಲ ಹುಡುಕಿದ್ದಾರೆ ಈ ಪಂಡಿತರು. ಪಕ್ಕದಲ್ಲಿ ಅತ್ತೆ ನಿಂತಿದ್ದರು, ಎಂದಿನ ಹಾಗೆ ನೆಲ ನೋಡುತ್ತಾ. ಸೊಸೆಗೆ ಹೀಗೆ ಅವಮಾನವಾದರೂ ಒಂದು ಮಾತು ಆಡಲಿಲ್ಲವಲ್ಲ ಎಂದು ಅವರ ಮೇಲೆ ಹೇಸಿಗೆಯಾಯಿತು.

ಮರುದಿನದಿಂದ ಪವಾಡ. ಮೂರು ಭಾಷೆಯಲ್ಲಿ, ಎರಡು ಕಾಗದದಲ್ಲಿ, ಕಣ್ಣೀರಿನಲ್ಲಿ ನಾನು ಹೇಳಿ ಆಗದ್ದು ಆ ಮುದುಕನ ಒಂದೇ ಬೊಗಳೆಯಲ್ಲಿ ಆಯಿತು. ನಾಗಕ್ಕ ಮೊಸರಿನ ಗಡಿಗೆ ಹೊತ್ತು ಬಂದವಳು ರುಕ್ಕುವನ್ನು ಕಂಡು ಬೀದಿಯ ಆಚೆ ದಡಕ್ಕೆ ಸರಿದು ಹೋದಳು. ಬಾಲವಾಡಿಯ ಆಯಾ ನಮ್ಮ ಮನೆಗೇ ಬಂದು, ಈ ಬಿಸ್ಕತ್ತಿನಲ್ಲಿ ಹಾಲಿದೆಯಾ ನೋಡಿ ಹೇಳಕ್ಕಾ ಎಂದು ಪೊಟ್ಟಣ ತೋರಿಸಿದಳು. ಮದುವೆಯೊಂದರಲ್ಲಿ ಬಡಿಸುವವರು ತುಪ್ಪದ ಸೌಟು ಹಿಡಿದು ಮಗುವಿನ ಎಲೆಯಿಂದ ನಾಲ್ಕು ಎಲೆ ದೂರವೇ ನಿಂತರು. ಮಗುವಿನ ಉಸಿರಿಗೆ ಹೆದರದವರು ಹಸುವಿನ ಕೆಚ್ಚಲಿಗೆ ಹೆದರಿದರು. ಕಟ್ಟಿದ ಪೆಟ್ಟಿಗೆ ಬಿಚ್ಚಿದೆ. ಈ ಜನರನ್ನು ಕಂಡರೆ ನನಗಿದ್ದ ತಿರಸ್ಕಾರ ಮಾತ್ರ ಮೂರು ಪಟ್ಟಾಯಿತು.

ಅತ್ತೆ ದೊಡ್ಡಿಗೆ ಹೋಗುವುದನ್ನು ಬಿಟ್ಟದ್ದೂ ಆಗಲೇ. ಅಮಾವಾಸ್ಯೆ ಬಂದರೂ ಮನೆಯಲ್ಲೇ ಕೂತಿರುತ್ತಿದ್ದರು. ಕಡೆಗೋಲು ಹಿಡಿದು ಗಟ್ಟಿಯಾಗಿದ್ದ ಅಂಗೈಯನ್ನು ಸುಮ್ಮನೆ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದರು. ಮೊಮ್ಮಗಳು ಕುಲಕ್ಕೆ ಹೊರಗಾದಳೆಂದು ನಾಚಿಕೆ, ನಾಲ್ಕು ಜನರ ಮುಂದೆ ಮುಖವೆತ್ತಲಾಗದು, ಪಾಪ ಎಂದು ನಾನು ಒಳಗೊಳಗೇ ಆಡಿಕೊಂಡೆ. ನಮ್ಮ ನಡುವೆ ಮಾತು ಉಪ್ಪು ಹುಳಿಗೆ ಸೀಮಿತವಾಗಿತ್ತು.

ಹೀಗೆ ವರ್ಷ ಕಳೆಯಿತು. ರುಕ್ಕುವಿಗೆ ಒಂದು ಸಲವೂ ಸೂಜಿ ಬೇಕಾಗಲಿಲ್ಲ. ಕೆನ್ನೆ ತುಂಬಿಕೊಂಡಿತು. ರಾಗಿ, ತೆಂಗಿನಹಾಲು, ಹುರುಳಿ, ದ್ರಾಕ್ಷಿ ತಿಂದು ಬೆಳೆದಳು. ಮತ್ತೊಂದು ತಪಾಸಣೆಗೆ ರಕ್ತ ಕೊಡಲು ಅವಳನ್ನು ತೇನಿಗೆ ಕರೆದುಕೊಂಡು ಹೋಗಿದ್ದೆ. ಅದೇ ಕಟ್ಟಡದಲ್ಲಿ ಕಣ್ಣಿನ ಡಾಕ್ಟರ ಕೋಣೆ. ಬೆಂಚಿನ ಮೇಲೆ ದೊಡ್ಡಿ ತಾತ ಒಬ್ಬರೇ ಕೂತಿದ್ದರು, ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು. ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ. ರುಕ್ಕು ಅವರ ಊರುಗೋಲು ಹಿಡಿದು ಆಡತೊಡಗಿದಳು.

“ಚೆನ್ನಾಗವ್ಳೆ ಕೂಸು” ಎಂದರು ತಾತ.

“ಸೊಸೆ ಈರಲು ತಾತ. ಗಟ್ಟಿ ಇದೆ” ಎಂದೆ. ಕುಟುಕಬೇಕೆಂದೇ ಕುಟುಕಿದೆ.

ತಾತ ನಕ್ಕರು. ಒಂದೇ ಕಣ್ಣಲ್ಲಿ ನನ್ನನ್ನು ನೋಡಿದರು. “ನಿನ್ ಅತ್ತೆ ಹೇಳಿಲ್ವಾ ನಿಂಗೆ?”

“ಏನನ್ನ?”

“ಆ ಮಾತು ನಂದಲ್ಲ ತಾಯಿ. ಅವಳ್ದು. ನೀವು ತೇನಿ ಆಸ್ಪತ್ರೆಲಿದ್ದಾಗ ದೊಡ್ಡಿ ಬಾಗ್ಲಿಗೆ ಬಂದು ಕೂತ್ಲು. ಎರಡು ದಿನ ಕೂಳು ನೀರು ಇಲ್ಲೆ. ‘ಡಾಕ್ಟರ್ ಬರ್ದಿದ್ದು ನಿಜ ಮಾವಾ, ನಾನೇ ಕಣ್ಣಲ್ಲಿ ಕಂಡೆ. ಇವರು ಯಾರೂ ಕೇಳಲ್ಲೆ, ಕೊಂದ್ಬಿಡ್ತಾರೆ. ನೀವು ಸಾಮಿ ಹೆಸರಲ್ಲಿ ಹೇಳಿ, ಈರಲು ಸೊಸೆದು ಅಂತ ಹೇಳಿ’ ಅಂದ್ಲು. ನಾ ಎಂಗೆ ಹೇಳ್ಲಿ? ಸುಮ್ನೆ ಕಟ್ಟಳೆ ಹಾಕಕ್ಕಾಗ್ತದಾ? ಸಲ್ಲದ ಈರಲಿಗೆ ಸಾಮಿ ಮೋರು ಉಯ್ದ ತಪ್ಪು ಯಾರ್ದು ಅಂತ ಕೇಳ್ತಾರಲ್ಲ. ತಪ್ಪಿದ್ದೋರು ದೊಡ್ಡಿ ಮೆಟ್ಟಂಗಿಲ್ಲೆ, ಸಾಯೋ ತನಕ. ‘ನಂದೇ, ನನ್ ಹೆಸ್ರಾಕಿ’ ಅಂದ್ಲು. ಹಿರೀಕರ ಮುಂದೆ ಮಾತ್ರ ಎತ್ತಿದೆ ಆ ಹೆಸ್ರು. ಕಡೆಗೋಲು ತಂದು ನನ್ ಕಾಲತ್ರ ಇಟ್ಟು ಹೋದ್ಲು.”

ಒಳಗಿಂದ ತಾತನ ಹೆಸರು ಕರೆದರು. ಅವರು ರುಕ್ಕುವಿನ ಕೈಯಿಂದ ಕೋಲು ಬಿಡಿಸಿಕೊಂಡು ಒಳಗೆ ಹೋದರು.

ಮೂರು ದಿನ ನಾನು ಮಗಳ ಎದೆಗೆ ಕಿವಿ ಇಟ್ಟು ಕೂತಿದ್ದಾಗ ಅತ್ತೆ ದೊಡ್ಡಿಯ ಬಾಗಿಲಲ್ಲಿ ಕೂತಿದ್ದರು. ಬಂದ ಮೇಲೆ ನಾನು ಅಂಗಳದಲ್ಲಿ ನಿಂತು ಅವರನ್ನು ಹಸುಗಳ ಜೊತೆ ತೂಗಿದಾಗ, ಹೋಗಿ ಮಾತಾಡಿ ಬಂದಿದ್ದೇನೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬಸ್ಸಿನಲ್ಲಿ ನನಗೆ ನಾಚಿಕೆಯಾಯಿತು. ಯಾರೂ ನೋಡದ ಹಾಗೆ ಕಿಟಕಿಯ ಕಡೆ ತಿರುಗಿ ಅತ್ತುಬಿಟ್ಟೆ.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದರು. ಎದುರಿಗೆ ಕೂತೆ.

“ತಾತ ಎಲ್ಲಾ ಹೇಳಿದ್ರು ಅತ್ತೆ. ನಂಗ್ಯಾಕೆ ಹೇಳಲಿಲ್ಲ?”

ಅವರು ಹುರುಳಿಯಿಂದ ಕಣ್ಣೆತ್ತಲಿಲ್ಲ. “ನಿಂಗೇಳಿದ್ರೆ ನೀ ಸುಮ್ನಿರ್ತಿದ್ಯಾ? ಬೇಲಿ ಅತ್ರ ನಿಂತು ನಕ್ಬಿಡ್ತಿದ್ದೆ. ಇಲ್ಲಾ ‘ಅದೆಲ್ಲ ಸುಳ್ಳು, ಡಾಕ್ಟರ್ ಇಂಗಂದ್ರು’ ಅಂತ ಪಾಠ ಓದ್ತಿದ್ದೆ. ನಿನ್ ಮೊಕ ಉರಿದ್ರೇ ತಾನೇ ಊರ್ ನಂಬೋದು?”

ಅತ್ತೆ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು.

“ನಿನ್ ಕಾಗದ ಯಾರ್ ಓದ್ತಾರೆ ಈ ಊರಲ್ಲಿ? ಪೆದ್ದರಿಗೆ ಪೆದ್ದರ ಬಾಸೆಲೇ ಹೇಳ್ಬೇಕು. ನೀ ಓದಿದೋಳು, ಅದು ನಿಂಗೆ ಬರಲ್ಲೆ.”

ಐವತ್ತು ವರ್ಷ ನೆಲ ನೋಡಿಕೊಂಡು ಈ ಹೆಂಗಸು ಊರನ್ನೆಲ್ಲ ಅ‍ಳೆದಿಟ್ಟಿದ್ದರು, ನನ್ನನ್ನೂ ಸೇರಿಸಿ. ಕಾಲು ಹಿಡಿಯಲು ಬಗ್ಗಿದೆ. ಮೊರ ಅಡ್ಡ ಹಿಡಿದು, “ಓಗು, ಕೂಸಿಗೆ ಹಸಿವಾಗಿರ್ತದೆ” ಎಂದರು. ಅವತ್ತು ಸಂಜೆ ರುಕ್ಕುವಿನ ಬೇರೆ ಪಾತ್ರೆಗಳನ್ನೆಲ್ಲ ತೊಳೆದು ಅವರ ಮುಂದೆ ತಂದಿಟ್ಟೆ. ಒಂದೊಂದನ್ನೂ ಮೂಸಿ ನೋಡಿ, ಎರಡನ್ನು ಮತ್ತೆ ತೊಳೆಯಲು ಕಳಿಸಿದರು.

ಆ ವರ್ಷದ ಮಾಟ್ಟು ಪೊಂಗಲ್ ದಿನ, ದನಗಳ ಹಬ್ಬ, ಊರೆಲ್ಲ ದೊಡ್ಡಿಗೆ ಹೋಯಿತು. ಹೊಸ ಸೀರೆ ಉಟ್ಟ ಸೊಸೆಯರು ಗಡಿಗೆ ಹೊತ್ತು ಹೋದರು. ನನ್ನ ಗಂಡ ಎರಡು ಸಲ ಹೊಸ್ತಿಲ ಬಳಿ ನಿಂತು, ಕೊನೆಗೆ ಅವರೂ ಹೋದರು. ನನ್ನನ್ನು ಯಾರೂ ತಡೆದಿರಲಿಲ್ಲ. ಬೇಲಿಯ ಆಚೆ ನಿಲ್ಲುವ ಹಕ್ಕು ನನಗೆ ಇನ್ನೂ ಇತ್ತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದೆ.

ಅತ್ತೆ ತೆಂಗಿನಕಾಯಿ ತುರಿದು ಹಾಲು ಹಿಂಡುತ್ತಿದ್ದರು. ಆ ಅಂಗೈಗೆ ಬೇರೆ ಕೆಲಸ ಸಿಕ್ಕಿತ್ತು. ಹೊಸ ಅಕ್ಕಿ, ಬೆಲ್ಲ, ತೆಂಗಿನಹಾಲು. ತುಪ್ಪದ ಬದಲು ಎರಡು ಚಮಚ ಎಳ್ಳೆಣ್ಣೆ. ಮೂರು ಎಲೆ ಹಾಕಿದೆ. ದೂರದಿಂದ ಕೊಂಬಿನ ಸದ್ದು, ದನಗಳ ಕೊರಳ ಗಂಟೆ ಕೇಳಿದವು. ಅತ್ತೆಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮೊದಲ ತುತ್ತನ್ನು ತಾವೇ ಊದಿ ಆರಿಸಿ ರುಕ್ಕುವಿನ ಬಾಯಿಗಿಟ್ಟರು. ನಾನು ನಡುವೆ ಹೋಗಿ ನಿಲ್ಲಲಿಲ್ಲ.

ರುಕ್ಕು ನುಂಗಿ, ಗಂಟೆಯ ಸದ್ದಿನ ಕಡೆ ಕಿವಿಗೊಟ್ಟು ಕೇಳಿದಳು. “ಎಲ್ಲಾರೂ ಹೋದ್ರು. ನಾವ್ಯಾಕೆ ಹೋಗ್ಲಿಲ್ಲೆ ಅಜ್ಜಿ?”

ಅತ್ತೆ ನನ್ನ ಎಲೆಗೂ ಬಡಿಸಿದರು.

“ನಮ್ದು ಬೇರೆ ಕುಲ, ನನ್ ಕಣ್ಣು. ಉಣ್ಣು.”